ಮಣ್ಣುಕೋಲಿನಲ್ಲಿ ಅಳೆದ ಗೊಂಬೆ

ಪ್ಲಾಸ್ಟಿಕ್ ಗೊಂಬೆಯ ಒಳಗೆ ಎಂತ ಉಂಟು ಎಂದು ಕೇಳಿದರೆ ಎಲ್ಲರೂ ಗಾಳಿ ಎನ್ನುತ್ತಾರೆ. ಆ ಗಾಳಿ ತುಂಬಿದವರು ಯಾರು ಎಂದು ಒಬ್ಬರೂ ಕೇಳುವುದಿಲ್ಲ. ಕೇಳದಿದ್ದರೂ ನಾನು ಹೇಳುತ್ತೇನೆ. ಯುದ್ಧದ ಕಾಲದಲ್ಲಿ, ಫಳ್ನೀರಿನ ಒಂದು ಹಂಚಿನ ಶೆಡ್ಡಿನಲ್ಲಿ, ನಾನು ತುಂಬಿದ್ದೇನೆ. ಮೋಟಾರಿನ ಟಯರಿಗೆ ಗಾಳಿ ಹಾಕುವ ಪಂಪನ್ನು ಬಲಗಾಲಿನಲ್ಲಿ ಒತ್ತಿ ಒತ್ತಿ ತುಂಬಿದ್ದೇನೆ. ಆ ಮೊಣಕಾಲು ಈಗಲೂ ಮಳೆ ಹಿಡಿದರೆ ನನ್ನನ್ನು ಬೈಯುತ್ತದೆ.

ಆಗ ನನಗೆ ಇಪ್ಪತ್ತು ದಾಟಿತ್ತು. ಮನೆಯಲ್ಲಿ ನಾನು ಮತ್ತು ಅಪ್ಪ, ಇಬ್ಬರೇ. ನಾನು ಹುಟ್ಟಿದ ತಿಂಗಳೊಳಗೆ ಅಮ್ಮ ತೀರಿಕೊಂಡಿದ್ದಳು. ನನ್ನನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ಮೀಯಿಸಿದವರು ಅಪ್ಪನೇ. ಗಂಡಸು ಕೂಸು ಮೀಯಿಸುವ ಚಂದ ನೋಡಲು ನೆರೆಯ ಹೆಂಗಸರು ಬೇಲಿಯಾಚೆ ನಿಂತು ನಗುತ್ತಿದ್ದರಂತೆ. "ನಗಲಿ ಮಾರಾಯ್ತಿ, ನಗುವುದಕ್ಕೆ ಸುಂಕ ಉಂಟಾ?" ಎಂದು ಅಪ್ಪ ಆ ಕಥೆ ಮುಗಿಸುತ್ತಿದ್ದರು. ನಮ್ಮ ಮನೆಮಾತು ತುಳು. ಇಲ್ಲಿ ಅವರ ಬಾಯಿಗೆ ಕನ್ನಡ ಹಾಕಿದ್ದೇನೆ, ಕೇಳಿದರೆ ಅವರು ಬೈಯುತ್ತಿದ್ದರು.

ಅಪ್ಪ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಅಚ್ಚಿನ ಮೇಸ್ತ್ರಿಯಾಗಿದ್ದರು. ಮಾಡಿನ ಹಂಚು, ಮೂಲೆಯ ಹಂಚು, ಮಾಡಿನ ತುದಿಗೆ ಇಡುವ ಹೂವಿನ ಹಂಚು, ಎಲ್ಲದರ ಅಚ್ಚೂ ಅವರ ಕೈಯಿಂದ ಆಗಬೇಕು. ಅಚ್ಚಿನ ಕೆಲಸದಲ್ಲಿ ಒಂದು ಗುಟ್ಟು ಉಂಟು. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ, ಆವೆಯಲ್ಲಿ ಸುಡುವಾಗ ಮತ್ತೂ ಕುಗ್ಗುತ್ತದೆ. ಹತ್ತು ಇಂಚಿನ ಹಂಚು ಬೇಕೆಂದರೆ ಅಚ್ಚು ಹನ್ನೊಂದು ಇಂಚು ಇರಬೇಕು. ಆ ಹೆಚ್ಚಿನ ಒಂದು ಇಂಚಿಗೆ ಅಪ್ಪ 'ಒಣಗು ಪಾಲು' ಎನ್ನುತ್ತಿದ್ದರು. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ಬೇರೆಯೇ ಒಂದು ಅಳತೆಕೋಲು ಮಾಡಿಕೊಂಡಿದ್ದರು. ಅದೇ ಮಣ್ಣುಕೋಲು. ಅದರ ಒಂದೊಂದು ಇಂಚೂ ಪೇಟೆಯ ಇಂಚಿಗಿಂತ ಚೂರು ಉದ್ದ. ಹಲಸಿನ ಮರದ್ದು, ಚೂರಿಯಲ್ಲಿ ಕೊರೆದ ಗೀರುಗಳು, ಉಗುರಿಟ್ಟರೆ ಸಿಕ್ಕಿಕೊಳ್ಳುವಷ್ಟು ಆಳ.

ಮಣ್ಣಿನಲ್ಲಿ ಕಲಿತದ್ದನ್ನು ಅಪ್ಪ ಮನೆಯಲ್ಲೂ ಬಿಡಲಿಲ್ಲ. ನನಗೆ ರವಿಕೆ ಹೊಲಿಸಿದರೂ ಒಣಗು ಪಾಲು, ಮಡಕೆಗೆ ಅಕ್ಕಿ ಹಾಕಿದರೂ ಒಣಗು ಪಾಲು. ಹರೆಯದ ಹುಡುಗಿ ನಾನು, ಜೋಲುವ ರವಿಕೆ ಹಾಕಿಕೊಂಡು ಎಷ್ಟು ಅತ್ತಿದ್ದೇನೋ. "ಬಟ್ಟೆ ಒಗೆದರೆ ಕುಗ್ತದೆ, ಮನುಷ್ಯ ಬದುಕಿದರೆ ಕುಗ್ತಾನೆ. ಮೊದಲೇ ಚೂರು ಜಾಸ್ತಿ ಇಟ್ಟರೆ ನಷ್ಟ ಎಂತ?" ಎನ್ನುತ್ತಿದ್ದರು. ಅವರ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಆಮೇಲೆ ಅವರ ಕಣ್ಣು ಹೋಯಿತು. ಒಮ್ಮೆಗೇ ಅಲ್ಲ. ಮೊದಲು ದೂರದ ತೆಂಗಿನ ಮರ ಹೋಯಿತು, ಆಮೇಲೆ ದಾರಿಯಲ್ಲಿ ಎದುರಾದವರ ಮುಖ, ಆಮೇಲೆ ಬಟ್ಟಲಿನ ಗಂಜಿ. ಒಳಗಿನ ನರವೇ ಸೊರಗಿದೆ, ಮದ್ದಿಲ್ಲ ಎಂದರು ಡಾಕ್ಟರು. ಮೊಣಕಾಲು ನೋವು ಎಂದು ಸುಳ್ಳು ಹೇಳಿ ಅಪ್ಪ ಕಾರ್ಖಾನೆ ಬಿಟ್ಟರು. ಕಣ್ಣಿನ ವಿಷಯ ನನಗೆ ಬಿಟ್ಟು ಯಾರಿಗೂ ಗೊತ್ತಾಗಬಾರದು ಎಂದು ಆಣೆ ಹಾಕಿಸಿಕೊಂಡರು. "ಕುರುಡ ಅಂತ ಗೊತ್ತಾದರೆ ಕೈಗೆ ಉಳಿ ಕೊಡುವವರು ಯಾರು? ಜಗುಲಿಯಲ್ಲಿ ಕೂರಿಸಿ ಎಲೆ ಅಡಿಕೆ ಕೊಡ್ತಾರೆ, ಅಷ್ಟೆ. ಕೈ ಹಿಡಿಸಿಕೊಂಡು ನಡೆಯುವ ದಿನ ಬಂದರೆ ನನ್ನನ್ನು ಆವೆಗೆ ಹಾಕಿಬಿಡು ಮಗಾ."

ಇದು ಕುಶಾಲಿನ ಮಾತಾಗಿರಲಿಲ್ಲ. ಕೆಲಸವಿಲ್ಲದ ಆ ಆರು ತಿಂಗಳು ಅಪ್ಪ ಜಗುಲಿಯಲ್ಲಿ ಕೂತು ತಮ್ಮ ಹೆಬ್ಬೆರಳನ್ನು ತಾವೇ ಉಜ್ಜಿಕೊಳ್ಳುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ಊಟ ಅರ್ಧಕ್ಕೆ ಇಳಿಯಿತು. ಮಾತು ಅದಕ್ಕಿಂತಲೂ ಇಳಿಯಿತು. ಇನ್ನೊಂದು ಮಳೆಗಾಲ ಹೀಗೇ ಕಳೆದರೆ ಇವರು ನನಗೆ ಉಳಿಯುವುದಿಲ್ಲ ಎಂದು ನನಗೆ ಖಂಡಿತವಾಗಿತ್ತು.

ಅಷ್ಟರಲ್ಲಿ ಪೊರ್ಬುಗಳು ಹೇಳಿಕಳಿಸಿದರು. ತುಳುವರು ಕ್ರೈಸ್ತ ಯಜಮಾನರನ್ನು ಹಾಗೆ ಕರೆಯುವುದು ರೂಢಿ. ಇವರಿಗೆ ಹಂಪನಕಟ್ಟೆಯಲ್ಲಿ ಸೈಕಲ್ ಮತ್ತು ಆಟದ ಸಾಮಾನಿನ ಅಂಗಡಿ ಇತ್ತು. ಏಳು ಮಕ್ಕಳ ತಂದೆ. ಕೋಪ ಮೂಗಿನ ತುದಿಯಲ್ಲಿ, ಕೋಪ ಬಂದರೆ 'ನೀವು' ಹೋಗಿ 'ನೀನು' ಬರುತ್ತಿತ್ತು. ಜಪಾನು ಯುದ್ಧಕ್ಕೆ ಇಳಿದ ಮೇಲೆ ಅಲ್ಲಿನ ಗೊಂಬೆ ಬರುವುದು ನಿಂತಿತ್ತು. ತಾವೇ ಗೊಂಬೆ ಮಾಡುತ್ತೇನೆ ಎಂದು ಪೊರ್ಬುಗಳು ಬೊಂಬಾಯಿಯ ಬಾಚಣಿಗೆ ಮಾಡುವವನೊಬ್ಬನಲ್ಲಿ ಉಳಿದಿದ್ದ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಹಾಳೆಗಳನ್ನು ತರಿಸಿದ್ದರು. ಪ್ಲಾಸ್ಟಿಕ್ ಎಂಬ ಮಾತು ಆಗ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಹಂಚು ಒತ್ತುವ ಹಳೆಯ ತಿರುಪಿನ ಪ್ರೆಸ್ಸೊಂದನ್ನು ಗುಜರಿಯಿಂದ ಕೊಂಡು ಫಳ್ನೀರಿನ ತಮ್ಮ ಮನೆಯ ಹಿಂದೆ ನಿಲ್ಲಿಸಿದ್ದರು. ಅಪ್ಪ ವರ್ಷಗಟ್ಟಲೆ ಅಚ್ಚು ಕೂರಿಸಿದ ಪ್ರೆಸ್ಸೇ ಅದು. ನಾವು ಅಲ್ಲಿಗೆ ಹೋದ ದಿನ ಅಪ್ಪ ಅದರ ಹಿಡಿಕೆ ಮುಟ್ಟಿ, "ಓ, ನೀನಾ!" ಎಂದರು.

"ಮೇಸ್ತ್ರಿ, ಕ್ರಿಸ್ಮಸ್ಸಿನ ಒಳಗೆ ಒಂದು ಕೂಸಿನ ತಲೆ ಆಗಬೇಕು," ಎಂದರು ಪೊರ್ಬುಗಳು. "ಮಡಿಲಲ್ಲಿ ಮಲಗಿಸುವಷ್ಟು ದೊಡ್ಡದು. ಮೈ ಬಟ್ಟೆಯದ್ದು, ಅದನ್ನು ಹೊಲಿಗೆಯ ಬಾಯಮ್ಮ ಮಾಡ್ತಾರೆ. ನೀವು ಅಚ್ಚು ಸಮ ಮಾಡಿಕೊಟ್ಟರೆ ಕೆಲಸ ನಿಮಗೇ ಕಾಯಂ. ಆಗದಿದ್ದರೆ ಬೊಂಬಾಯಿಯಿಂದ ಜನ ಕರೆಸ್ತೇನೆ, ಮತ್ತೆ ಬೇಜಾರು ಮಾಡಬಾರದು."

ಅಳತೆಯ ಚೀಟಿಯನ್ನು ಅಪ್ಪನಿಗೆ ಓದಿ ಹೇಳಿದ್ದು ನಾನು. ಕುತ್ತಿಗೆಯ ಅಗಲ ಎರಡೂವರೆ ಇಂಚು. ಅಪ್ಪ ಹಲಸಿನ ತುಂಡು ತಂದು ನಮ್ಮ ಜಗುಲಿಯಲ್ಲೇ ಕೂತು ತಲೆ ಕೆತ್ತಿದರು. ಒಂದು ಕೈಯ ಉಳಿ ಕೆತ್ತುತ್ತಿದ್ದರೆ ಇನ್ನೊಂದು ಕೈಯ ಹೆಬ್ಬೆರಳು ಹಿಂದಿನಿಂದ ಸವರುತ್ತಾ ಹೋಗುತ್ತಿತ್ತು. ಹಣೆ, ಮೂಗು, ಉಬ್ಬಿದ ಕೆನ್ನೆ. ನಡುನಡುವೆ ಮಣ್ಣುಕೋಲಿನ ಮೇಲೆ ಉಗುರು ಓಡಿಸಿ ಅಳೆಯುತ್ತಿದ್ದರು.

ನಾನು ಅದನ್ನು ನೋಡಿದೆ. ಮಣ್ಣುಕೋಲು ಎಂದು ನನಗೆ ಗೊತ್ತಿತ್ತು. ಇದು ಮಣ್ಣಲ್ಲ, ಅಪ್ಪ, ಎಂದು ಹೇಳಲು ಬಾಯಿ ತೆರೆದೆ ಕೂಡ. ಆದರೆ ಪೇಟೆಯ ಸ್ಟೀಲಿನ ಸ್ಕೇಲಿನಲ್ಲಿ ಗೆರೆ ಕಣ್ಣಿಗೆ ಮಾತ್ರ ಸಿಗುತ್ತದೆ, ಕೈಗೆ ಸಿಗುವುದಿಲ್ಲ. ಅದನ್ನು ಹಿಡಿಯಿರಿ ಎನ್ನುವುದೂ, ನಿಮಗೆ ಕಾಣುವುದಿಲ್ಲ ಎನ್ನುವುದೂ ಒಂದೇ. ಅವರು ಹಾಡು ಗುನುಗುತ್ತಾ ಕೆತ್ತುತ್ತಿದ್ದರು, ವರ್ಷದ ಮೇಲೆ ಮೊದಲ ಸಲ. ಅವರಿಗೆ ಎಲ್ಲಾ ಲೆಕ್ಕ ಗೊತ್ತಿರಬಹುದು ಎಂದು ನನಗೆ ನಾನೇ ಹೇಳಿಕೊಂಡು ಒಲೆಯ ಕಡೆ ಹೋದೆ. ಹೇಡಿ ನಾನು, ಬೇರೆ ಹೆಸರಿಲ್ಲ ಅದಕ್ಕೆ.

ಆ ಮರದ ತಲೆಯಿಂದ ಎರಡು ಹೋಳಿನ ಅಚ್ಚು ತೆಗೆದು ಎರಕದವರು ಹಿತ್ತಾಳೆಯಲ್ಲಿ ಹೊಯ್ದರು. ಒಂದು ಹೋಳಿನಲ್ಲಿ ಮುಖ, ಇನ್ನೊಂದರಲ್ಲಿ ಹಿಂದಲೆ. ಕೆಲಸದ ಕ್ರಮ ಹೀಗೆ: ಎರಡು ಹೋಳಿನ ನಡುವೆ ಎರಡು ಹಾಳೆ, ಹಾಳೆಗಳ ನಡುವೆ ಕುತ್ತಿಗೆಯ ಕಡೆಯಿಂದ ಒಂದು ಸಣ್ಣ ಕೊಳವೆ. ಪ್ರೆಸ್ಸಿನ ತಿರುಪು ಬಿಗಿದು, ಗೋಡೆಯಾಚೆಯ ಬಾಯ್ಲರಿನಿಂದ ಹಬೆ ಬಿಟ್ಟು ಅಚ್ಚನ್ನು ಬಿಸಿ ಮಾಡಬೇಕು. ಹಾಳೆ ಮೆತ್ತಗಾದ ಕೂಡಲೇ ಕೊಳವೆಯಿಂದ ಗಾಳಿ ಊದಬೇಕು. ಆಗ ಹಾಳೆ ಉಬ್ಬಿ ಅಚ್ಚಿನ ಮೈಗೆ ಅಂಟಿ, ಅಂಚುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮೇಲಿಂದ ಬಾವಿಯ ನೀರು ಹೊಯ್ದು ತಣಿಸಿ ಬಿಚ್ಚಿದರೆ ಟೊಳ್ಳು ತಲೆ. ಹೇಳುವುದಕ್ಕೆ ಇಷ್ಟೇ.

ಮಾಡುವಾಗ ಮಾತ್ರ ನಮ್ಮ ಮಂಡೆ ಬಿಸಿಯಾಯಿತು. ಬೇಗ ಊದಿದರೆ ಹಾಳೆ ಹರಿದು ಪುಸ್ಸೆಂದಿತು. ತಡಮಾಡಿದರೆ ಕರಗಿ ಸುಕ್ಕಾಯಿತು. ಶೆಡ್ಡಿನ ತುಂಬ ಕರ್ಪೂರದ ವಾಸನೆ, ಏಕೆಂದರೆ ಸೆಲ್ಯುಲಾಯ್ಡಿಗೆ ಕರ್ಪೂರ ಬೆರೆಸುತ್ತಾರೆ. ಕಿಡಿ ತಾಗಿದರೆ ಕರ್ಪೂರದ ಹಾಗೆಯೇ ಭಗ್ಗೆಂದು ಹೊತ್ತಿಕೊಳ್ಳುವ ಸಾಮಾನು. ಪೊರ್ಬುಗಳು ಸಿಗರೇಟು ಸೇದಲು ರಸ್ತೆಗೆ ಹೋಗಬೇಕಾಗಿತ್ತು. "ದೇವಸ್ಥಾನದಲ್ಲಿ ನಿಂತ ಹಾಗೆ ಆಗ್ತದೆ," ಎಂದು ನಾನು ಹೇಳಿದರೆ, "ಹಾಗಾದರೆ ಕೈಮುಗಿ, ಇದಾದರೂ ಸಮ ಬರಲಿ," ಎಂದು ಪೊರ್ಬುಗಳು ಗೊಣಗಿದರು.

ಕೊನೆಗೆ ಸಮಯ ಹಿಡಿದುಕೊಟ್ಟವರು ಅಪ್ಪ. ಪ್ರೆಸ್ಸಿನ ಕಂಬಕ್ಕೆ ಕಿವಿಯಿಟ್ಟು ಕೂತರು. ಹಾಳೆ ಮೆತ್ತಗಾಗುವಾಗ ಒಳಗೆ ಒಂದು ಸಣ್ಣ ಸದ್ದು ಬರುತ್ತದಂತೆ, ನನಗೆ ಎಂದೂ ಕೇಳಿಸಲಿಲ್ಲ. "ಈಗ!" ಎಂದರು. ನಾನು ಪಂಪ್ ಒತ್ತಿದೆ. "ಮೆಲ್ಲ, ಮೆಲ್ಲ... ಕೂಸಿಗೆ ಉಸಿರು ಕೊಡುವುದು, ಲಾರಿಗಲ್ಲ... ಸಾಕು!" ನೀರು ಹೊಯ್ದು ತಿರುಪು ಬಿಚ್ಚಿದೆವು. ಅಚ್ಚಿನೊಳಗಿಂದ ಒಂದು ಮುಖ ನನ್ನನ್ನು ನೋಡುತ್ತಿತ್ತು. ಕಣ್ಣು ಬರೆದಿರಲಿಲ್ಲ, ಆದರೂ ನೋಡುತ್ತಿತ್ತು. ಕೈಗೆ ತೆಗೆದುಕೊಂಡರೆ ಭಾರವೇ ಇಲ್ಲ. ನಾನು ಅಪ್ಪನ ಅಂಗೈಯಲ್ಲಿಟ್ಟೆ. ಅವರ ಹೆಬ್ಬೆರಳು ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ಇಳಿಯಿತು. ಅವರ ಮುಖದಲ್ಲಿ ಅಂದು ಕಂಡ ಸಂತೋಷವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಹೊಲಿಗೆಯ ಬಾಯಮ್ಮ ಬುಟ್ಟಿ ಹೊತ್ತು ಬಂದರು. ಕೊಂಕಣಿ ಮಾತಾಡುವ ವಿಧವೆ, ಸಣಕಲು ದೇಹ, ಬಾಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ. ಬುಟ್ಟಿಯಲ್ಲಿ ಬೂರುಗದ ಹತ್ತಿ ತುಂಬಿದ ನಲವತ್ತು ಬಟ್ಟೆಯ ಮೈಗಳು ಕೈಕಾಲು ಚಾಚಿ ಮಲಗಿದ್ದವು. ಪೊರ್ಬುಗಳು ತಲೆಯನ್ನು ಎತ್ತಿ ಒಂದು ಮೈಯ ಕುತ್ತಿಗೆಗೆ ಇಟ್ಟರು. ಕೂರಲಿಲ್ಲ. ತಿರುಗಿಸಿ ಇಟ್ಟರು. ಕೂರಲಿಲ್ಲ. ಜೇಬಿನಿಂದ ಸ್ಟೀಲಿನ ಸ್ಕೇಲು ತೆಗೆದು ಅಳೆದರು.

"ಮೂರು ಇಂಚು! ಎರಡೂವರೆ ಹೇಳಿದ್ದಕ್ಕೆ ಮೂರು!" ಎಂದು ಬೊಬ್ಬೆ ಹಾಕಿದರು. "ಎಲ್ಲ ಲಗಾಡಿ ಹೋಯ್ತು! ಹಾಳೆ ಹೋಯ್ತು, ಹಿತ್ತಾಳೆ ಹೋಯ್ತು, ಕ್ರಿಸ್ಮಸ್ಸೂ ಹೋಯ್ತು. ಮಂಡೆ ಸಮ ಉಂಟಾ ಮೇಸ್ತ್ರಿ ನಿನಗೆ?"

ಅಪ್ಪ ಒಂದು ಹೆಜ್ಜೆ ಮುಂದೆ ಬಂದರು. "ಒಣಗು ಪಾಲು ಇಟ್ಟೆ ಪೊರ್ಬುಗಳೇ," ಎಂದರು ಮೆತ್ತಗೆ. "ಹೊಸ ಸಾಮಾನು, ಎಷ್ಟು ಕುಗ್ತದೋ ಗೊತ್ತಿಲ್ಲ. ಇರಲಿ ಅಂತ ನನ್ನ ಮಣ್ಣುಕೋಲಿನಲ್ಲಿ ಅಳೆದು, ಮೇಲಿಂದ ಇನ್ನೊಂದು ಪಾಲೂ ಇಟ್ಟೆ."

"ಇದು ಕುಗ್ಗುವುದಿಲ್ಲ! ಇದೆಂತ ನಿನ್ನ ಆವೆಗೆ ಹಾಕುವ ಮಣ್ಣಾ? ಹಿಡಿ, ಅಳೆದು ನೋಡು. ನೀನೇ ಓದಿ ಹೇಳು ಎಷ್ಟು ಉಂಟು ಅಂತ!" ಪೊರ್ಬುಗಳು ಸ್ಕೇಲನ್ನು ಅಪ್ಪನ ಕೈಗೆ ತುರುಕಿದರು.

ಅಪ್ಪ ಅದನ್ನು ಹಿಡಿದುಕೊಂಡು ನಿಂತರು. ಹೆಬ್ಬೆರಳ ಉಗುರು ಸ್ಟೀಲಿನ ಮೇಲೆ ಒಮ್ಮೆ ಈ ತುದಿಯಿಂದ ಆ ತುದಿಗೆ ಹೋಯಿತು, ಒಮ್ಮೆ ಹಿಂದೆ ಬಂತು. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ದಾರಿಗೆ ಅಡ್ಡವಾಗಿ ನೀರು ಹರಿಯುವ ತೋಡು ಬಂದರೆ ನಾನು ಹಿಂದಿನಿಂದ ಕೆಮ್ಮಿ ಸೂಚನೆ ಕೊಡುವುದು ನಮ್ಮಿಬ್ಬರ ರೂಢಿ. ಈಗ ಎಷ್ಟು ಕೆಮ್ಮಿದರೆ ಏನು ಪ್ರಯೋಜನ? ನಾನೇ ಓದಿ ಹೇಳೋಣವೆಂದು ಮುಂದೆ ಬಂದೆ.

"ನೀನು ಸುಮ್ಮನಿರು ಮಗಾ," ಎಂದರು ಅಪ್ಪ. ಆಮೇಲೆ ಪೊರ್ಬುಗಳ ದನಿಯಿದ್ದ ಕಡೆಗೆ ತಿರುಗಿದರು. "ಇದರಲ್ಲಿ ನನಗೆ ಗೆರೆ ಸಿಗುವುದಿಲ್ಲ. ನನಗೆ ಕಣ್ಣು ಕಾಣುವುದಿಲ್ಲ ಪೊರ್ಬುಗಳೇ. ಹೇಳದೆ ಕೆಲಸಕ್ಕೆ ಬಂದೆ. ತಪ್ಪು ನನ್ನದು, ಇವಳದ್ದಲ್ಲ."

ಪೊರ್ಬುಗಳು ಬಾಯಿ ತೆರೆದವರು ಹಾಗೆಯೇ ನಿಂತರು. ನಾನು ನೆಲ ನೋಡುತ್ತಿದ್ದೆ. ಆ ಆರು ತಿಂಗಳ ಜಗುಲಿ ಮತ್ತೆ ನನ್ನ ಕಣ್ಣಮುಂದೆ ಬಂತು. ಇನ್ನು ಅಲ್ಲಿಂದ ಇವರನ್ನು ಎಬ್ಬಿಸುವುದು ನನ್ನಿಂದಾಗದು ಎನಿಸಿತು. ಮಣ್ಣುಕೋಲು ಕಂಡ ದಿನವೇ ಹೇಳಿದ್ದರೆ ಈ ಅವಮಾನ ನಮ್ಮ ಮನೆಯೊಳಗೇ ಮುಗಿಯುತ್ತಿತ್ತಲ್ಲ ಎಂದು ನನ್ನನ್ನೇ ಶಪಿಸಿಕೊಂಡೆ.

ಕಟ್ ಕಟ್ ಎಂದು ದಾರ ಕತ್ತರಿಸುವ ಸದ್ದು ಕೇಳಿ ತಲೆಯೆತ್ತಿದೆ. ಬಾಯಮ್ಮ ನೆಲದಲ್ಲಿ ಕಾಲು ಚಾಚಿ ಕೂತು, ಒಂದು ಬಟ್ಟೆಯ ಮೈಯ ಕುತ್ತಿಗೆಯ ಹೊಲಿಗೆ ಬಿಚ್ಚುತ್ತಿದ್ದರು. ನಮ್ಮ ಗಲಾಟೆಗೂ ತಮಗೂ ಸಂಬಂಧವೇ ಇಲ್ಲದ ಹಾಗೆ ಒಳಗೆ ಮಡಚಿಟ್ಟ ಬಟ್ಟೆಯನ್ನು ಹೊರಗೆಳೆದರು. "ಪಾಲು ಇವರೊಬ್ಬರೇ ಇಡುವುದಾ? ನಾವೂ ಇಡ್ತೇವೆ ಪೊರ್ಬು," ಎಂದರು ಗುಂಡುಸೂಜಿಯ ಸಂದಿನಿಂದ. "ಒಳಗೆ ಬಟ್ಟೆ ಬಿಡದೆ ಹೊಲಿಯುವವಳು ಹೊಲಿಗೆಯವಳೇ ಅಲ್ಲ." ತಲೆಯನ್ನು ತೆಗೆದುಕೊಂಡು ಕುತ್ತಿಗೆಗೆ ಕೂರಿಸಿ, ಸುತ್ತ ದಾರ ಎಳೆದು ಬಿಗಿದು ಗಂಟು ಹಾಕಿದರು. ಕೂತಿತು. ಆಮೇಲೆ ಅದನ್ನು ಎತ್ತಿ ಪೊರ್ಬುಗಳ ಮುಂದೆ ಹಿಡಿದರು.

ಪೊರ್ಬುಗಳು ಕೋಪದಲ್ಲೇ ಕೈ ಚಾಚಿದರು. ಮೈಗೆ ತಲೆ ದೊಡ್ಡದಾಗಿತ್ತು. ಎತ್ತಿಕೊಳ್ಳುವಾಗ ತಲೆ ಹಿಂದಕ್ಕೆ ವಾಲಿತು. ಆಗ ಆ ಏಳು ಮಕ್ಕಳ ತಂದೆಯ ಎಡಗೈ ತನ್ನಷ್ಟಕ್ಕೆ ಗೊಂಬೆಯ ಹಿಂದಲೆಗೆ ಹೋಗಿ ಆತುಕೊಂಡಿತು. "ಅಯ್ಯೋ, ಜಾಗ್ರತೆ, ಕುತ್ತಿಗೆ ನಿಂತಿಲ್ಲ!" ಎಂದರು. ಹೇಳಿದ ಮೇಲೆ ತಾವು ಹೇಳಿದ್ದು ಏನೆಂದು ಗೊತ್ತಾಗಿ ಅಲ್ಲೇ ನಿಂತುಬಿಟ್ಟರು.

ಬಾಯಮ್ಮ ಮೊದಲು ನಕ್ಕರು. ನಾನು ನಕ್ಕೆನೋ ಅತ್ತೆನೋ ತಿಳಿಯದು. ಪೊರ್ಬುಗಳು ಗೊಂಬೆಯನ್ನು ತೋಳಿನ ಮೇಲೆ ಮಲಗಿಸಿಕೊಂಡು ಅದರ ಮುಖವನ್ನೇ ನೋಡಿದರು. ಜಪಾನಿನ ಗೊಂಬೆಗಳಿಗೆ ದೊಡ್ಡವರ ಹಾಗೆ ಮೈಗೆ ತಕ್ಕ ಪುಟ್ಟ ತಲೆ ಇರುತ್ತಿತ್ತು. ಇದಕ್ಕೆ ಹತ್ತು ದಿನದ ಕೂಸಿನ ತಲೆ. ಕೋಪವೆಲ್ಲ ಎಲ್ಲಿ ಹೋಯಿತೋ, ಅವರ ಕಾಲುಗಳು ನಿಂತಲ್ಲೇ ತೂಗತೊಡಗಿದ್ದವು.

"ಯಾರ ಮುಖ ಇದು ಮೇಸ್ತ್ರಿ?" ಎಂದು ಬಾಯಮ್ಮ ಕೇಳಿದರು.

"ನಾನು ಕೈಯಾರೆ ಮೀಯಿಸಿದ ಕೂಸು ಒಂದೇ," ಎಂದರು ಅಪ್ಪ. "ಕೈಗೆ ನೆನಪಿದ್ದ ಮುಖವೂ ಅದೊಂದೇ. ಆದರೂ ಇಷ್ಟು ದೊಡ್ಡ ಮಂಡೆ ಇವಳದ್ದಾಗಿರಲಿಲ್ಲ." ಆಮೇಲೆ ಒಂದು ಕ್ಷಣ ಯೋಚಿಸಿ, "ಹೆಚ್ಚು ಕಡಿಮೆ ಇಷ್ಟೇ ಇತ್ತು," ಎಂದರು.

ಎಲ್ಲರೂ ನನ್ನ ತಲೆಯನ್ನು ನೋಡಿದರು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನಮ್ಮಪ್ಪ ಹೆಗ್ಗಣವನ್ನು ಹಿತ್ತಾಳೆಯಲ್ಲಿ ಎರಕ ಹೊಯ್ಯಿಸಿದ್ದರು. ನಾನು ಇಪ್ಪತ್ತು ವರ್ಷಗಳಲ್ಲಿ ಅವರನ್ನು ಅಷ್ಟು ಪ್ರೀತಿಸಿದ ಗಳಿಗೆ ಇನ್ನೊಂದಿರಲಿಲ್ಲ.

ಪೊರ್ಬುಗಳು ಗೊಂಬೆಯನ್ನು ಬಾಯಮ್ಮನ ಮಡಿಲಿಗೆ ಕೊಟ್ಟರು, ಹಿಂದಲೆಗೆ ಕೈ ಆನಿಸಿಕೊಂಡೇ. ಅವರು ಕ್ಷಮೆ ಕೇಳುವ ಜಾತಿಯವರಲ್ಲ. "ಬಾಯಮ್ಮ, ಉಳಿದ ಮೂವತ್ತೊಂಬತ್ತರ ಕುತ್ತಿಗೆಯನ್ನೂ ಬಿಚ್ಚಿ," ಎಂದರು. ಆಮೇಲೆ ಅಪ್ಪನ ಕೈಯಲ್ಲಿದ್ದ ಸ್ಟೀಲಿನ ಸ್ಕೇಲನ್ನು ಮೆಲ್ಲಗೆ ಬಿಡಿಸಿಕೊಂಡು ತಮ್ಮ ಜೇಬಿಗೆ ಹಾಕಿದರು. "ನಾಳೆ ಬರುವಾಗ ನಿಮ್ಮ ಆ ಕೋಲು ತನ್ನಿ ಮೇಸ್ತ್ರಿ. ಇನ್ನೊಂದು ಅಚ್ಚು ಉಂಟು, ಅದೂ ಅದೇ ಕೋಲಿನಲ್ಲಿ ಆಗಬೇಕು. ಇಲ್ಲಿ ಇನ್ನು ಆ ಇಂಚೇ ಇಂಚು." 'ನೀವು' ವಾಪಸ್ಸು ಬಂದಿತ್ತು.

ಅಪ್ಪ ಕೈಮುಗಿಯಲು ಹೋಗಿ, ಅರ್ಧಕ್ಕೇ ಬಿಟ್ಟು, ಪ್ರೆಸ್ಸಿನ ಹಿಡಿಕೆಯನ್ನು ಹಿಡಿದುಕೊಂಡರು. ಆ ದಿನ ನಾವು ಇನ್ನೂ ಆರು ತಲೆ ಊದಿದೆವು. ಒಂದೂ ಹರಿಯಲಿಲ್ಲ.

ಸಂಜೆ ಮನೆಗೆ ಹೊರಟೆವು. ಫಳ್ನೀರಿನಿಂದ ಹೊಳೆಯ ಕಡೆಗೆ ರಸ್ತೆ ಇಳಿಜಾರು. ಅಪ್ಪ ಯಾವಾಗಲೂ ಎರಡು ಹೆಜ್ಜೆ ಮುಂದೆ, ಬೆನ್ನು ನೆಟ್ಟಗೆ ಮಾಡಿಕೊಂಡು, ನೋಡುವವರಿಗೆ ಸಂಶಯ ಬಾರದ ಹಾಗೆ ನಡೆಯುತ್ತಿದ್ದರು. ನಾನು ಹಿಂದಿನಿಂದ ಕೆಮ್ಮುತ್ತಾ ಹೋಗುತ್ತಿದ್ದೆ. ಆ ಒಂದು ವರ್ಷದಲ್ಲಿ ನಾನು ಕೆಮ್ಮಿದ್ದು ನೋಡಿ ನನಗೆ ಕ್ಷಯ ಎಂದು ನೆರೆಯವರು ಆಡಿಕೊಂಡದ್ದೂ ಉಂಟು.

ಅವತ್ತು ಮೊದಲ ತೋಡು ಬಂತು. ನಾನು ಕೆಮ್ಮಿದೆ. ಅಪ್ಪ ನಿಂತರು, ಆದರೆ ದಾಟಲಿಲ್ಲ. ರಸ್ತೆಯಲ್ಲಿ ಕಾರ್ಖಾನೆ ಬಿಟ್ಟು ಬರುವ ಜನ ತುಂಬಾ ಇದ್ದರು, ಅರ್ಧದಷ್ಟು ಮಂದಿ ಅಪ್ಪನ ಕೈಕೆಳಗೆ ದುಡಿದವರೇ. "ಓ ಮೇಸ್ತ್ರಿ!" ಎಂದು ಯಾರೋ ಕೂಗಿದರು. ಅಪ್ಪ ಅವರ ಕಡೆಗೆ ತಲೆಯಾಡಿಸಿದರು. ಆಮೇಲೆ, ಅಷ್ಟೂ ಜನರ ಎದುರಿಗೆ, ಬಲಗೈಯನ್ನು ಹಿಂದಕ್ಕೆ ನನ್ನ ಕಡೆ ಚಾಚಿದರು.

"ಹಿಡಿದುಕೋ ಮಗಾ," ಎಂದರು. "ನನ್ನದೂ ಕುತ್ತಿಗೆ ಇನ್ನೂ ನಿಂತಿಲ್ಲ ಅಂತ ತಿಳಿದುಕೋ."

ನಾನು ಹಿಡಿದುಕೊಂಡೆ. ಇಬ್ಬರೂ ತೋಡು ದಾಟಿದೆವು.